ಹಾಯಿಯ ಮೇಲಿನ ಅರಿಷಿಣ

ಕಲೆ ಬಿದ್ದ ಬಟ್ಟೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಯಾರದೋ ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಎದುರಿನವರ ಅಂಗಿಯ ಮೇಲಿನ ಸಾರಿನ ಹನಿಯನ್ನೇ ನೋಡುತ್ತಿರುತ್ತೇನೆ. ಏನು ಬಡಿಸಿದರೆಂದು ಆಮೇಲೆ ನಮ್ಮ ಯಜಮಾನರನ್ನು ಕೇಳಿ ತಿಳಿಯಬೇಕು. ಅಂಥ ನನ್ನ ಪಾಲಿಗೆ ದೋಣಿಯ ಹಾಯಿಯ ಕಲೆ ತೆಗೆಯುವ ಕೆಲಸ ಬಂತು. ಹೊಳೆಆಲೂರಿನಲ್ಲಿ ಹಾಯಿ ಎಲ್ಲಿಂದ ಬಂತು ಅನ್ನುತ್ತೀರಿ. ಏಕೀಕರಣವಾದ ಮರುವರ್ಷ ನನ್ನ ಮೈದುನ ಶಂಕ್ರಪ್ಪ ಕಾರವಾರದ ಕಡಲಲ್ಲಿ ಹಾಯಿದೋಣಿ ನೋಡಿ ಬಂದವನೇ, ಮಲಪ್ರಭೆ ದಾಟಿಸುವ ತನ್ನ ದೋಣಿಗೂ ಹಾಯಿ ಬೇಕೆಂದು ಹಟ ಹಿಡಿದ. ಗಜೇಂದ್ರಗಡದಿಂದ ಕೈಮಗ್ಗದ ಬಿಳಿ ಬಟ್ಟೆ ತಂದ, ನಾನು ಹೊಲಿದುಕೊಟ್ಟೆ. ಓಣಿಯವರೆಲ್ಲ ನಕ್ಕರು. ಆದರೂ ಹೊಳೆಯಾಚೆಯ ಮದುವೆಯೊಂದಕ್ಕೆ ಹೆಣ್ಣಿನ ದಿಬ್ಬಣದವರು ಇವನ ದೋಣಿಯನ್ನೇ ಒಪ್ಪಿಕೊಂಡರು. ಮೊದಲ ದಿನವೇ ಅವರು ಹಿಂಜರಿದರೆ ಆ ಹಾಯಿಯ ಕೆಳಗೆ ಮತ್ತೆ ಯಾರು ಕೂಡ್ರುತ್ತಾರೆ?

ದಿಬ್ಬಣದ ಹಿಂದಿನ ದಿನ ಶಂಕ್ರಪ್ಪ ಹಗ್ಗ ತರಲು ರೋಣಕ್ಕೆ ಹೋಗಿದ್ದ. ಹೊಸ ವಸ್ತುವನ್ನು ಪೂಜೆಯಿಲ್ಲದೆ ಬಳಸಬಾರದೆಂದು ನಾನು ಹಾಯಿಯನ್ನು ಪಡಸಾಲೆಯಲ್ಲಿ ಹಾಸಿ, ಮೂಲೆಗೊಂದು ಬೊಟ್ಟು ಅರಿಷಿಣ ಹಚ್ಚಲು ಬಾಗಿದೆ. ಕಲಸಿದ ಅರಿಷಿಣದ ಬಟ್ಟಲೇ ಮಗುಚಿತು. ನಟ್ಟನಡುವೆ, ಹೋಳಿಗೆಯಷ್ಟಗಲ! ಓಡಿಹೋಗಿ ಸೋಪು ತಂದು ತಿಕ್ಕಿದೆ. ತಿಕ್ಕಿದಷ್ಟೂ ಹಳದಿ ಕೆಂಪಾಯಿತು. ಮದುವೆಯಾದಂದಿನಿಂದ ಅರಿಷಿಣದ ಸೀರೆ ಒಗೆದವಳಿಗೆ ಸೋಪು ತಾಗಿದರೆ ಅದು ಕೆಂಪಾಗುವುದು ಗೊತ್ತಿಲ್ಲವೇ? ಗೊತ್ತು. ಗಾಬರಿಯಲ್ಲಿ ಗೊತ್ತಿದ್ದದ್ದು ಕೈತನಕ ಬರುವುದಿಲ್ಲ.

ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಗಂಗವ್ವ ಹೊಸ್ತಿಲಲ್ಲೇ ನಿಂತಳು.

"ಅಯ್ಯ ನನ್ನವ್ವ! ಯಾರನ್ನ ಕಡದೀರಿ?"

"ಅರಿಷಿಣ ಐತೆವ್ವಾ, ಸುಮ್ಮನಿರು."

"ನನಗ ಹೇಳ್ತೀರಿ, ಮದುಮಗಳ ಅಜ್ಜಿಗೆ ಯಾರು ಹೇಳವರು? ತಲಿ ಮ್ಯಾಲ ರಗತ ಕಂಡ್ರ ದಿಬ್ಬಣ ಹೊಳ್ಳಿ ಮನಿಗೆ ಹೊಂಡ್ತೈತಿ ನೋಡ್ರಿ."

ಹುಣಸೆಹುಳಿ ಹಚ್ಚಿದೆ. ಕೆಂಪು ಹೋಗಿ ಹಳದಿ ಮರಳಿತು. ಜೊತೆಗೆ ಹುಳಿಯದೇ ಒಂದು ಕಂದು ಅಂಚೂ ಬಂತು. ಬಿಸಿಲಿಗೆ ಹಾಕೋಣವೆಂದರೆ ಶ್ರಾವಣದ ಮೋಡ. ರೋಣದ ಬಸ್ಸಿನ ಹೊತ್ತು ಹತ್ತಿರವಾದಂತೆ ಹೊರಗಿನ ಪ್ರತಿ ಹೆಜ್ಜೆಯೂ ಶಂಕ್ರಪ್ಪನದೇ ಅನ್ನಿಸತೊಡಗಿತು. ಕಡೆಗೆ ಡಬ್ಬಿಯಲ್ಲಿದ್ದ ಅರಿಷಿಣವನ್ನೆಲ್ಲ ಹಂಡೆಗೆ ಸುರಿದು, ಇಡೀ ಹಾಯಿಯನ್ನೇ ಅದ್ದಿಬಿಟ್ಟೆ.

ಶಂಕ್ರಪ್ಪ ಬಂದವನು ಒಲೆಯ ಮುಂದೆ ಹರವಿದ್ದನ್ನು ನೋಡಿ ಹಗ್ಗ ಕೆಳಗೆ ಹಾಕಿದ.

"ವೈನಿ, ನನ್ನ ಬಿಳಿ ಹಾಯಿ ಎಲ್ಲೈತ್ರಿ?"

"ಲಗ್ನಕ್ಕ ಬಿಳೀದು ಚಲೋ ಅಲ್ಲಪಾ" ಎಂದೆ. ಅಷ್ಟು ಗಟ್ಟಿಯಾದ ದನಿ ನನಗೆ ಎಲ್ಲಿಂದ ಬಂತೋ!

ಮರುದಿನ ದಂಡೆಯ ಮೇಲೆ ಮದುಮಗಳ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಹಾಯಿಯನ್ನು ಬಹಳ ಹೊತ್ತು ನೋಡಿದಳು.

"ಅರಿಷಿಣದ ಹಾಯಿ! ನಮ್ಮ ಮಂದಿ ತಲಿಗ್ಯಾಕ ಇದು ಬರಲಿಲ್ಲ?" ಎನ್ನುತ್ತ ಎಲ್ಲರಿಗಿಂತ ಮೊದಲು ಹತ್ತಿ ಕುಳಿತಳು.

ಕೆಲವು ದಿನಗಳಲ್ಲಿ ಮೋಡ ಸರಿದು ಬಿಸಿಲು ಬಿತ್ತು. ಹಾಯಿ ತಾನಾಗಿಯೇ ಬೆಳ್ಳಗಾಯಿತು. ನಾನು ಕೈಹಚ್ಚದೆ ಬಿಟ್ಟಿದ್ದರೆ ಆ ಹೋಳಿಗೆಯಷ್ಟು ಹಳದಿಯೂ ಹೀಗೆಯೇ ಹಾರಿಹೋಗುತ್ತಿತ್ತೋ ಏನೋ ಎಂದು ಯೋಚಿಸುತ್ತಿರುವಾಗಲೇ ಶಂಕ್ರಪ್ಪ ಅದನ್ನು ಹೆಗಲ ಮೇಲೆ ಹೊತ್ತು ಅಂಗಳಕ್ಕೆ ಬಂದ.

"ವೈನಿ, ಇನ್ನೊಂದು ದಿಬ್ಬಣ ಬಂದೈತ್ರಿ. ಬಿಳೀದಾದ್ರ ಒಲ್ಲೆ ಅಂತಾರ. ಲಗೂ ಹಳದಿ ಮಾಡಿಕೊಡ್ರಿ."

ಕಲೆ ತೆಗೆಯುವುದರಲ್ಲಿ ನನ್ನಷ್ಟು ಗಟ್ಟಿಗಿತ್ತಿ ಇಲ್ಲವೆಂದುಕೊಂಡಿದ್ದ ನಾನು, ಆ ಶ್ರಾವಣವಿಡೀ ಊರಿನ ಅತಿ ದೊಡ್ಡ ಕಲೆ ಮಾಸದಂತೆ ಕಾಯುತ್ತ ಕುಳಿತೆ.