ಬೋರಲು ಮಲಗಿದ ವೀರ

ಹಳೆಯ ಕಲ್ಲು ಎಲ್ಲಿದೆಯೋ ಅಲ್ಲಿ ನನಗೆ ಸಿಟ್ಟು ಬರಿಸುವ ಸಂಗತಿಯೂ ಇದ್ದೇ ಇರುತ್ತದೆ. ಗದಗ ಹೊಸ ಜಿಲ್ಲೆಯಾದಾಗ ವೀರಗಲ್ಲುಗಳ ಪಟ್ಟಿ ಮಾಡುವ ತಾತ್ಕಾಲಿಕ ಕೆಲಸ ಸಿಕ್ಕಿತು. ಬಿ.ಎಸ್ಸಿ. ಮುಗಿಸಿದ್ದೆ, ಅಳೆಯಲು ಬರುತ್ತದೆ ಎಂಬುದೇ ಅರ್ಹತೆ. ಕೈಯಲ್ಲಿ ಟೇಪು ಮತ್ತು ಫಾರ್ಮು. ಫಾರ್ಮಿನ ಕೊನೆಯ ಕಾಲಂ: ‘ಹಾನಿಗೆ ಕಾರಣ’. ತಿಂಗಳ ಕೊನೆಗೆ ಶಾಸನ ಓದುವ ಮೇಷ್ಟ್ರು ಬರುವವರಿದ್ದರು. ಅಷ್ಟರೊಳಗೆ ಅಕ್ಷರ ಸವೆಯದ ಒಂದೇ ಒಂದು ಕಲ್ಲು ನನಗೆ ಬೇಕಿತ್ತು.

೧

ಅಂತೂರ ಬೆಂತೂರದಲ್ಲಿ ರೈತರೊಬ್ಬರು ವೀರಗಲ್ಲಿಗೆ ಕುಡಗೋಲು ಮಸೆಯುತ್ತಿದ್ದರು. ವೀರನ ಮೂಗು, ಅಕ್ಷರ ಎರಡೂ ಹೋಗಿದ್ದವು.

“ಇದು ಯುದ್ಧದಾಗ ಸತ್ತಾಂವನ ಕಲ್ಲು, ಗೊತ್ತೈತೇನ್ರಿ?” ಎಂದು ರೇಗಿದೆ.

“ಗೊತ್ತೈತ್ರಿ ಸಾಹೇಬ್ರ. ಕತ್ತಿ ಹಿಡ್ಕೊಂಡು ಸುಮ್ನ ನಿಂತಾನ. ಒಂದೀಟು ಕೆಲಸಾ ಮಾಡ್ಲಿ ಬಿಡ್ರಿ.”

ಕಾಲಂನಲ್ಲಿ ಬರೆದೆ: ಕುಡಗೋಲು.

೨

ಶಿರಹಟ್ಟಿ ಕಡೆಯ ಒಂದು ಹಳ್ಳಿ. ಕುದುರೆ ಏರಿದ ವೀರ ಸೊಂಟದವರೆಗೆ ಗಟಾರದಲ್ಲಿದ್ದ. ಯಾರಿವನು ಎಂದು ಕೇಳಿದೆ.

“ನಮ್ಮ ಮುತ್ತಜ್ಜರಿ,” ಎಂದರು ಅಲ್ಲಿಯ ಗೌಡರು.

ಎದುರುಮನೆಯವರು ಓಡಿಬಂದರು. “ಲೇ, ನಿಮ್ಮ ಮುತ್ತಜ್ಜ ಕುದರಿ ಕಂಡಿದ್ನೇನ? ಇಂವ ನಮ್ಮಾಂವ!”

ಜಗಳ ಕೈಕೈ ಮಿಲಾಯಿಸುವವರೆಗೆ ಬಂತು. ನನಗೂ ಸಿಟ್ಟು ನೆತ್ತಿಗೇರಿತು. “ಯಾರ ಮುತ್ತಜ್ಜ ಆಗಿರ್ಲಿ, ಅವ್ರು ಗಟಾರಕ್ಕ ಇಳದು ಎತ್ರಿ,” ಎಂದೆ.

ಗೌಡರು ಧೋತರ ಸರಿಮಾಡಿಕೊಂಡು ಎದುರಿನವರಿಗೆ ಕೈಮುಗಿದರು. “ಆತಪಾ, ನಿಮ್ಮ ಮುತ್ತಜ್ಜನ.”

೩

ಮಲ್ಲಸಮುದ್ರದಲ್ಲಿ ಅಜ್ಜಿಯೊಬ್ಬರು ಹಿತ್ತಲ ಚಪ್ಪಡಿಯ ಮೇಲೆ ಸೀರೆ ಒಗೆಯುತ್ತಿದ್ದರು. ಅಂಚು ನೋಡಿ ಅನುಮಾನ ಬಂತು. ಅದರ ಕೆಳಗೆ ಕೈ ತೂರಿಸಿದೆ. ಬೆರಳಿಗೆ ಅಕ್ಷರಗಳು ತಾಗಿದವು.

ನಾಲ್ವರನ್ನು ಕರೆದು ಹೊರಳಿಸಿದೆ. ಕುದುರೆ, ಕತ್ತಿ, ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ನಡುವೆ ಮೂರು ಸಾಲು ಬರಹ. ಒಂದು ಅಕ್ಷರವೂ ಮುಕ್ಕಾಗಿರಲಿಲ್ಲ. ನಾನು ಹುಡುಕುತ್ತಿದ್ದ ಕಲ್ಲು!

“ಇಂಥಾದ್ದನ್ನ ಬೋರಲ ಹಾಕೀರಲ್ಲ ಅಜ್ಜಿ!”

“ಮತ್ತೇನ ಮಾಡ್ಲೋ ತಮ್ಮಾ? ಪರಗಂಡಸು ಕಣ್ಣ ಬಿಟ್ಕೊಂಡು ನೋಡಾಕತ್ರ ನಾ ಹೆಂಗ ಸೀರಿ ಒಗೀಲಿ? ಮದಿವ್ಯಾಗಿ ಬಂದ ವಾರದಾಗನ ಹೊಳ್ಳಿಸಿ ಹಾಕ್ಸೀನಿ.”

೪

ಕಲ್ಲನ್ನು ಓಣಿಯ ಕಟ್ಟೆಯ ಮೇಲೆ ನಿಲ್ಲಿಸಿದೆವು. ಅಜ್ಜಿಗೆ ಬೇರೆ ಚಪ್ಪಡಿ ಕೊಡಿಸಿದೆ. ಸೇರಿದ್ದ ಹಿರಿಯರಿಗೆ ಸ್ವಲ್ಪ ಬಿರುಸಾಗಿಯೇ ಹೇಳಿದೆ: “ಇಂವ ಊರಿಗಾಗಿ ಜೀವಾ ಕೊಟ್ಟಾಂವ. ಗೌರವ ಕೊಡೋದು ಕಲೀರಿ.”

ನಾಲ್ಕು ದಿನ ಬಿಟ್ಟು ಮೇಷ್ಟ್ರನ್ನು ಕರೆದುಕೊಂಡು ಹೋದೆ. ವೀರ ಗುಲಾಬಿಯಾಗಿದ್ದ. ಕುದುರೆ ನೀಲಿ. ಅಪ್ಸರೆಯರಿಗೆ ಹಳದಿ ಕುಪ್ಪಸ. ಮೂರು ಸಾಲು ಬರಹ ಹಸಿರು ಆಯಿಲ್ ಪೇಂಟಿನಡಿ ಮುಚ್ಚಿಹೋಗಿತ್ತು.

ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿದರು. ಹಸಿರಿನ ಮೇಲೆ ಬಿಳಿಯಲ್ಲಿ ಬರೆದಿದ್ದನ್ನು ನಿಧಾನವಾಗಿ ಓದಿದರು: “ಬಣ್ಣದ ಸೇವೆ, ಓಣಿಯ ಹಿರಿಯರು.” ಆಮೇಲೆ ನನ್ನ ಕಡೆ ತಿರುಗಿದರು.

ನಾನು ಹಿರಿಯರ ಮೇಲೆ ಹರಿಹಾಯ್ದೆ.

“ನೀವ ಹೇಳಿದ್ರಲ್ರಿ, ಗೌರವ ಕೊಡ್ರಿ ಅಂತ,” ಎಂದರು ಒಬ್ಬರು. “ಎರಡ ಕೋಟ ಬಣ್ಣಾ ಕೊಟ್ಟೀವಿ.”

ಬಟ್ಟೆಯ ಬುಟ್ಟಿ ಹೊತ್ತ ಅಜ್ಜಿ ಅಲ್ಲೇ ನಿಂತರು. “ನನ್ನ ಕೈಯಾಗ ಐವತ್ತ ವರ್ಷ ಇದ್ದ, ಒಂದ ಅಕ್ಷರಾ ಹೋಗಿದ್ದಿಲ್ಲ. ನಿನ್ನ ಕೈಯಾಗ ನಾಕ ದಿನಾ ತಡೀಲಿಲ್ಲ.”

ನಾನು ಫಾರ್ಮು ತೆಗೆದು ಕೊನೆಯ ಕಾಲಂ ತುಂಬತೊಡಗಿದೆ.

“ಏನ ಬರದಿ?” ಎಂದರು ಅಜ್ಜಿ.

“ಹಾಳಾಗಿದ್ದಕ್ಕ ಕಾರಣ. ಬಣ್ಣ ಅಂತ ಬರದೀನಿ.”

“ಬಣ್ಣ ತಾನಾಗೇ ಬಂದು ಹತ್ತೇತೇನ? ಖರೇ ಬರಿ. ನಿನ್ನ ಹೆಸರ ಬರಿ.”