ಸೂರ್ಯನಿಗೊಬ್ಬ ಕಾವಲುಗಾರ

"ಇವತ್ತಿನಿಂದ ಈ ಅಂಗಡಿ ಸೂರ್ಯನೊಬ್ಬನಿಗೇ ತಲೆಬಾಗುತ್ತೆ!" ಎಂದು ಘೋಷಿಸಿದ ಯಜಮಾನರು, ಹೆಂಡತಿಯ ಹೊಲಿಗೆ ಅಂಗಡಿಗೆ ಬರುತ್ತಿದ್ದ ಬೀದಿಯ ಕರೆಂಟನ್ನು ತೆಗೆಸಿಯೇಬಿಟ್ಟರು. ತಾರಸಿಯ ಮೇಲೆ ಹನ್ನೆರಡು ಸೋಲಾರ್ ಪ್ಯಾನಲ್ ಕೂರಿಸಿದವನು ಹೆಂಡತಿಯ ತಮ್ಮ. ತೊಂದರೆ ಇದ್ದದ್ದೇ ಅಲ್ಲಿ. ಮೂವತ್ತು ವರ್ಷ ಗೋದಾಮಿನ ಬಾಗಿಲಲ್ಲಿ ನಿಂತು ಹೋಗಿಬರುವವರ ಚೀಲ ತಡಕಿದ ಮನುಷ್ಯ ಹತ್ತಿರದವರನ್ನು ನಂಬುವುದುಂಟೇ!

"ಒಂದೇ ದಿನದಲ್ಲಿ ಮುಗಿಸಿದ್ದಾನೆ ಅಂದ್ರೆ ಏನೋ ಇದೆ ಕಣೇ. ಹಳೇ ಮಾಲು ತಂದು ಒರೆಸಿ ಇಟ್ಟಿರ್ತಾನೆ."

"ನನ್ನ ತಮ್ಮ ಕಣ್ರೀ ಅವನು!"

"ಅದಕ್ಕೇ ಹೇಳಿದ್ದು!"

ಮರುದಿನ ಬೆಳಗ್ಗೆಯೇ ಕುರ್ಚಿ ಹೊತ್ತು ತಾರಸಿ ಹತ್ತಿ ಕಾವಲಿಗೆ ಕೂತರು. ಹತ್ತು ಗಂಟೆಗೆ ನೆತ್ತಿ ಕಾದು, ದೊಡ್ಡ ಕೊಡೆಯನ್ನು ಮೊದಲ ಪ್ಯಾನಲ್ಲಿನ ಚೌಕಟ್ಟಿಗೆ ಸಿಕ್ಕಿಸಿಕೊಂಡರು. ಸ್ವಲ್ಪ ಹೊತ್ತಿಗೆಲ್ಲ ಕೆಳಗೆ ಇಸ್ತ್ರಿಪೆಟ್ಟಿಗೆ ತಣ್ಣಗಾಯಿತು, ಹೊಲಿಗೆ ಯಂತ್ರಗಳು ನರಳಿ ನಿಂತವು.

"ರೀ, ಕರೆಂಟ್ ಹೋಯ್ತು! ಶನಿವಾರ ನಾಲ್ಕು ಗಂಟೆಗೆ ಆಸ್ಪತ್ರೆಗೆ ನಲವತ್ತು ಕೋಟು ಕೊಡ್ಬೇಕು. ತಪ್ಪಿದ್ರೆ ಅವರು ಇನ್ನು ಈ ಕಡೆ ತಲೆ ಹಾಕಲ್ಲ!"

ಯಜಮಾನರಿಗೆ ಒಳಗೊಳಗೇ ಸಂತೋಷ. ಅನುಮಾನ ನಿಜವಾಯಿತಲ್ಲ! ಆದರೆ ಕೊಡೆ ಮಡಚಿಕೊಂಡು ಊಟಕ್ಕೆ ಇಳಿದರೆ ಕರೆಂಟು ಹಾಜರ್, ಉಂಡು ಹತ್ತಿದರೆ ಮಾಯ.

"ನೋಡಿದ್ಯಾ? ಯಾರೋ ನನ್ನನ್ನೇ ಗಮನಿಸ್ತಿದ್ದಾರೆ! ನಾನು ಹತ್ತೋದನ್ನೇ ಕಾದು ಕದೀತಾರೆ!"

ಪಕ್ಕದ ಮನೆಯ ಮೇಷ್ಟ್ರು ಬಟ್ಟೆ ಒಣಹಾಕಲು ಬಂದರೆ ದುರುಗುಟ್ಟಿ ನೋಡಿದರು. ಪಾಪ, ಮೇಷ್ಟ್ರು ಒದ್ದೆ ಬಟ್ಟೆ ಸಮೇತ ವಾಪಸಾದರು. ಶುಕ್ರವಾರ ಕಾವಲು ಇನ್ನೂ ಬಿಗಿಯಾಯಿತು. ನಾಲ್ಕು ಬಿದಿರು ನಿಲ್ಲಿಸಿ, ಮೇಲೆ ಟಾರ್ಪಾಲು ಕಟ್ಟಿ, ಊಟವನ್ನೂ ಅಲ್ಲಿಗೇ ತರಿಸಿಕೊಂಡರು. ಅಂದು ಅಂಗಡಿಯಲ್ಲಿ ಯಂತ್ರದ ಒಂದು ಹೊಲಿಗೆಯೂ ಬೀಳಲಿಲ್ಲ.

ಶನಿವಾರ ಬೆಳಗ್ಗೆ ಹೆಂಡತಿಯ ಕಣ್ಣಲ್ಲಿ ನೀರು. ಇನ್ನೂ ಹದಿನಾರು ಕೋಟು ಬಾಕಿ. ತಮ್ಮನನ್ನು ಕರೆಸಿದಳು. ಯಜಮಾನರು ಎದೆಯುಬ್ಬಿಸಿ ನಿಂತರು. "ಒಪ್ಕೊಂಡ್ಬಿಡು. ಹಳೇ ಮಾಲು ತಾನೇ?"

ಅವನ ಮುಖ ಕಪ್ಪಿಟ್ಟಿತು. ತಾರಸಿ ಹತ್ತಿ, ಟಾರ್ಪಾಲನ್ನು ಒಮ್ಮೆ, ಪ್ಯಾನಲ್ಲನ್ನು ಒಮ್ಮೆ ನೋಡಿದ.

"ಭಾವ, ಇದರ ಕೆಳಗೆ ಕೂತ್ರೆ ತಂಪಾಗಿರುತ್ತಾ?"

"ಬಹಳ ತಂಪು!"

"ಪ್ಯಾನಲ್ಲಿಗೂ ಹಾಗೇ ಆಗಿದೆ. ಹನ್ನೆರಡೂ ಒಂದೇ ಸಾಲಲ್ಲಿ ಕೈ ಹಿಡ್ಕೊಂಡಿವೆ, ಒಂದಕ್ಕೆ ನೆರಳು ಬಿದ್ರೂ ಸಾಲಿಗೆ ಸಾಲೇ ಕುಗ್ಗುತ್ತೆ. ಮೊನ್ನೆ ನಿಮ್ಮ ಕೊಡೆ, ನಿನ್ನೆಯಿಂದ ಈ ಚಪ್ಪರ!"

ಟಾರ್ಪಾಲು ಬಿಚ್ಚಿದ್ದೇ ತಡ, ಕೆಳಗಿನಿಂದ ಯಂತ್ರಗಳ ಸದ್ದು ಮೇಲಕ್ಕೆ ಬಂತು. ಯಜಮಾನರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಭಾವಮೈದುನನ ಕೈ ಹಿಡಿದು "ತಪ್ಪಾಯ್ತಪ್ಪಾ" ಎಂದರು. ಆಮೇಲೆ ಅಂಗಡಿಯ ಮೂಲೆಯಲ್ಲಿ ಕೂತು, ಬೆರಳಿಗೆ ಏಳು ಸಲ ಸೂಜಿ ಚುಚ್ಚಿಸಿಕೊಂಡು, ಗುಂಡಿ ಹೊಲಿದರು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ನಲವತ್ತನೆಯ ಕೋಟು ಗಾಡಿ ಹತ್ತಿತು.

ಅಭ್ಯಾಸ ಬಿಡಬೇಕಲ್ಲ! ಯಜಮಾನರು ಮೆಲ್ಲಗೆ ಕೇಳಿದರು: "ಹಾಗಾದ್ರೆ ಇನ್ಮೇಲೆ ಪ್ಯಾನಲ್ ಕಾಯೋರು ಯಾರೇ?"

ಹೆಂಡತಿ ತಾರಸಿಯ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾನೇ ಕಾಯ್ತೀನಿ. ನಿಮ್ಮಿಂದ!"