ಕಚ್ಚಿದ ಹಕ್ಕಿ ಯಾವುದು?

ಇಪ್ಪತ್ತು ಹೆಜ್ಜೆ ನಡೆಯುವ ಕಷ್ಟ ತಪ್ಪಿಸಿಕೊಳ್ಳಲು ಹೋಗಿ ಡೆಲ್ಬರ್ಟ್ ಸ್ಟಕಿ ತನ್ನ ಕಾರನ್ನು ದಾರಿ ತಡೆಯಲು ಇಟ್ಟ ಕಿತ್ತಳೆ ಬಣ್ಣದ ಕೋನುಗಳ ಪಕ್ಕದಲ್ಲೇ ನಿಲ್ಲಿಸಿದ. ಆ ಕೋನುಗಳನ್ನು ಕಾಲೇಜಿನವರು ಚಂದಕ್ಕೆ ಇಟ್ಟಿರಲಿಲ್ಲ. ಅವುಗಳ ನಡುವೆ ಹೆಬ್ಬಾತೊಂದು ಕಾವಿಗೆ ಕೂತಿತ್ತು, ಅದರ ಗಂಡ ಕಾವಲಿಗೆ ನಿಂತಿತ್ತು. ಒಹಾಯೋದ ನಮ್ಮ ಊರಿನಲ್ಲಿ ಮೇ ತಿಂಗಳು ಬಂದರೆ ಪ್ರಿನ್ಸಿಪಾಲರೂ ಹಿಂಬಾಗಿಲಿನಿಂದಲೇ ಕಾಲೇಜಿಗೆ ಬರುತ್ತಾರೆ. ಹಕ್ಕಿಯ ಗೂಡನ್ನು ನಾವು ಮುಟ್ಟಿದರೆ ಸರಕಾರ ದಂಡ ಹಾಕುತ್ತದೆ. ಹಕ್ಕಿ ನಮ್ಮನ್ನು ಮುಟ್ಟಿದರೆ ಕೇಳುವವರಿಲ್ಲ.

ಡೆಲ್ಬರ್ಟನಿಗೆ ಐವತ್ಮೂರು ವರ್ಷ. ಇಪ್ಪತ್ತಾರು ವರ್ಷ ಫ್ರಿಜ್ ಕಾರ್ಖಾನೆಯಲ್ಲಿ ಬಾಗಿಲು ಜೋಡಿಸಿದ್ದ. ಕಾರ್ಖಾನೆ ಮುಚ್ಚಿದಾಗ ಸರಕಾರ, ಎರಡು ವರ್ಷ ನೆರವು ಕೊಡುತ್ತೇವೆ, ಏನಾದರೂ ಓದಿಕೋ ಎಂದಿತು. ಅವನು ಕಮ್ಯುನಿಟಿ ಕಾಲೇಜಿನಲ್ಲಿ ಆಸ್ಪತ್ರೆ ಆಡಳಿತಕ್ಕೆ ಸೇರಿ, ತನ್ನನ್ನು "ಅಜ್ಜ" ಎಂದು ಕರೆಯುವ ಹುಡುಗಿಯರ ನಡುವೆ ಕೂತು ಕಲಿತ. ಇವತ್ತು ಕೊನೆಯ ಪರೀಕ್ಷೆ: ರೋಗಿಯ ಹಾಳೆ ಓದಿ ಪ್ರತಿ ಕಾಯಿಲೆಗೆ, ಪ್ರತಿ ಗಾಯಕ್ಕೆ ಪುಸ್ತಕದಲ್ಲಿರುವ ನಂಬರು ಹಾಕಬೇಕು. ಪಾಸಾದರೆ ದೊಡ್ಡಾಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೆಲಸ ಕಾದಿತ್ತು. ಫೇಲಾದರೆ ನೆರವೂ ಇಲ್ಲ, ಕೆಲಸವೂ ಇಲ್ಲ. ಕಾರು ತೊಳೆಯುವ ಅಂಗಡಿ ಇಟ್ಟಿದ್ದ ಹೆಂಡತಿಯ ತಮ್ಮ ಹಬ್ಬದ ಊಟದಲ್ಲಿ ಎಲ್ಲರೆದುರು, "ಭಾವ, ನಿಮಗೇಂತ ಒಂದು ಬಕೆಟ್ ಎತ್ತಿಟ್ಟಿದೀನಿ" ಎಂದಿದ್ದ. ಆ ಬಕೆಟ್ಟು ಡೆಲ್ಬರ್ಟನ ಕನಸಿನಲ್ಲೂ ಬರುತ್ತಿತ್ತು.

ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಗಂಡು ಹೆಬ್ಬಾತು ಹಿಂದಿನಿಂದ ಬಂದು ಅವನ ಎಡ ಪಿರ್ರೆಗೆ ಬಾಯಿ ಹಾಕಿತು.

ತರಗತಿಯ ಬಾಗಿಲಲ್ಲಿ ಮಿಸೆಸ್ ಪ್ರೂಯಿಟ್ ಗಡಿಯಾರ ನೋಡುತ್ತ ನಿಂತಿದ್ದರು.

"ಒಂಬತ್ತು ದಾಟಿ ಆರು ನಿಮಿಷ. ಒಳಗೆ ಬಿಡಲ್ಲ."

"ಮೇಡಂ, ಹಕ್ಕಿ ಕಚ್ತು."

"ದಾಖಲೆ ಎಲ್ಲಿ?"

ಡೆಲ್ಬರ್ಟ್ ತಿರುಗಿ ನಿಂತು ತೋರಿಸಿದ. ಒಳಗಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು.

"ಅಲ್ಲಲ್ಲ ರೀ, ಕಾಗದದಲ್ಲಿ! ಎರಡು ವರ್ಷದಿಂದ ಬಡ್ಕೊಳ್ತಾ ಇದೀನಿ, ಕಾಗದದಲ್ಲಿ ಇಲ್ಲದ್ದು ನಡೆದೇ ಇಲ್ಲ ಅಂತ. ಡಾಕ್ಟರ ಚೀಟಿ ತನ್ನಿ. ಎರಡು ಗಂಟೆಗೆ ಬೇರೆ ಪ್ರಶ್ನೆಪತ್ರಿಕೆ ಕೊಡ್ತೀನಿ."

ರಸ್ತೆಯಾಚೆಯ ಕ್ಲಿನಿಕ್ಕಿನಲ್ಲಿ ಹೆಸರು ಬರೆಸುವ ಕಿಟಕಿಯಲ್ಲಿ ಕೂತವಳು ಟ್ರೂಡಿ, ಡೆಲ್ಬರ್ಟನ ಪಕ್ಕದ ಮನೆಯವಳು. ಅವಳಿಗೆ ಹೇಳುವುದೂ ಒಂದೇ, ಊರ ಪತ್ರಿಕೆಯಲ್ಲಿ ಹಾಕಿಸುವುದೂ ಒಂದೇ. ಎದುರಿನ ಬೆಂಚುಗಳ ತುಂಬ ಹಳೆಯ ಕಾರ್ಖಾನೆಯವರೇ ಇದ್ದರು.

"ಏನಾಯ್ತೋ ಡೆಲ್ಬರ್ಟ್?"

"ಮೆಲ್ಲಗೆ ಮಾತಾಡೇ ಮಾರಾಯ್ತಿ. ಹಕ್ಕಿ ಕಚ್ತು."

"ಎಲ್ಲಿಗೆ?" ಎಂದು ಅವಳು ಇನ್ನೂ ಎತ್ತರದ ದನಿಯಲ್ಲಿ ಕೇಳಿದಳು. ಅವನು ಬೆರಳಲ್ಲಿ ತೋರಿಸಿದ. "ಓಹೋ, ಕುಂಡೆಗಾ!" ಎಂದಳು. ಬೆಂಚುಗಳಿಗೆ ಜೀವ ಬಂತು.

ಮೂರು ಗಂಟೆ ಕಾಯಿಸಿದ ಮೇಲೆ ಡಾಕ್ಟರು ಗಾಯ ತೊಳೆದು ಬಲ ಪಿರ್ರೆಗೆ ಇಂಜೆಕ್ಷನ್ ಚುಚ್ಚಿದರು. ಈಗ ಕೂರಲು ಎಡವೂ ಉಳಿಯಲಿಲ್ಲ, ಬಲವೂ ಉಳಿಯಲಿಲ್ಲ. ಚೀಟಿ ಕೈಗೆ ಬಂತು. ಸುಮ್ಮನೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಕಲಿತ ವಿದ್ಯೆ ಬಿಡಬೇಕಲ್ಲ? ಟ್ರೂಡಿಯ ಮೇಜಿನ ಮೇಲಿದ್ದ ತನ್ನ ಹಾಳೆಯತ್ತ ಬಗ್ಗಿ ನೋಡಿದ. "ಬಾತು ಕಚ್ಚಿದೆ" ಎಂದಿತ್ತು.

"ಟ್ರೂಡಿ, ಇದು ತಪ್ಪು. ಬಾತಲ್ಲ, ಹೆಬ್ಬಾತು."

"ಎರಡಕ್ಕೂ ರೆಕ್ಕೆ ಇದೆ. ಮನೆಗೆ ಹೋಗು."

"ಎರಡಕ್ಕೂ ಬೇರೆ ಬೇರೆ ನಂಬರಿದೆ! ದಾಖಲೆ ತಿದ್ದಿಸೋದು ರೋಗಿಯ ಹಕ್ಕು, ಒಂಬತ್ತನೇ ಪಾಠ."

"ಕತ್ತು ಎಷ್ಟುದ್ದ ಇತ್ತು, ಡೆಲ್ಬರ್ಟ್?" ಎಂದು ಬೆಂಚಿನಿಂದ ಒಬ್ಬ ಕೇಳಿದ. "ಕತ್ತನ್ನ ಅವನು ಎಲ್ಲಿ ನೋಡ್ದ? ಬೆನ್ನು ತೋರಿಸಿ ಓಡ್ತಿದ್ನಲ್ಲ!" ಎಂದ ಇನ್ನೊಬ್ಬ.

ಟ್ರೂಡಿ ಒಂದು ಫಾರಮ್ಮನ್ನು ಅವನತ್ತ ಎಸೆದಳು. "ಬರೆದು ಸಹಿ ಹಾಕು. ತಿದ್ದೋಕೆ ಅರವತ್ತು ದಿನ ಹಿಡಿಯತ್ತೆ." ಡೆಲ್ಬರ್ಟ್ ನಿಂತೇ ಬರೆದ. ಸ್ಟಕಿ ಎಂಬ ಹೆಸರಿನ ಕೊನೆಗೆ ಎಂದಿನಂತೆ ಉದ್ದನೆಯ ಬಾಲ ಎಳೆದ.

ಎರಡು ಗಂಟೆಗೆ ಅವನೊಬ್ಬನೇ ಪರೀಕ್ಷೆಗೆ ನಿಂತ, ಅಕ್ಷರಶಃ ನಿಂತ, ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು. ತಡವಾಗಿ ಬಂದವರು ಬೇರೆಯವರನ್ನು ಕೇಳಿ ಬರೆಯಬಾರದೆಂದು ಮಿಸೆಸ್ ಪ್ರೂಯಿಟ್ ಆ ದಿನದ ತಾಜಾ ಹಾಳೆಗಳನ್ನೇ ಕ್ಲಿನಿಕ್ಕಿನಿಂದ ತರಿಸುತ್ತಿದ್ದರು, ಹೆಸರಿಗೆ ಮಸಿ ಬಳಿಸಿ. ಕೊನೆಯ ಹಾಳೆಯನ್ನು ಡೆಲ್ಬರ್ಟ್ ಕಣ್ಣಿಗೆ ಹತ್ತಿರ ಹಿಡಿದ. ಗಂಡಸು, ಐವತ್ಮೂರು, ಎಡ ಪಿರ್ರೆ, ಕಾಲೇಜಿನ ಕಾರು ನಿಲ್ಲಿಸುವ ಜಾಗ. ಬಾತು ಕಚ್ಚಿದೆ.

"ಮೇಡಂ, ಇದು..."

"ಬಾಯಿ ಬಿಡಬೇಡಿ. ರೋಗಿ ಯಾರು ಅಂತ ಉಸಿರೆತ್ತಿದ್ರೂ ಸೊನ್ನೆ."

ಡೆಲ್ಬರ್ಟ್ ಯೋಚಿಸಿದ. ಸತ್ಯ ತನ್ನ ಚಡ್ಡಿಯೊಳಗೆ ಉರಿಯುತ್ತಿದೆ. ಆದರೆ ತಿದ್ದುಪಡಿಗೆ ಅರವತ್ತು ದಿನ; ಅಲ್ಲಿಯವರೆಗೆ ಕಾಗದ ಹೇಳಿದ್ದೇ ನಿಜ. ತನ್ನದೇ ಗಾಯ, ಇದರಲ್ಲಿ ಇನ್ನೇನು ಓದುವುದಿದೆ? ಹಲ್ಲು ಕಚ್ಚಿಕೊಂಡು ಬಾತಿನ ನಂಬರು ಬರೆದ. ನಿಜವಾದ ಗುಮಾಸ್ತ ಆಗಿಬಿಟ್ಟೆ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು.

ನಾಲ್ಕು ಗಂಟೆಗೆ ಅಂಕ ಬಂತು. ಪಾಸಿಗೆ ಎಪ್ಪತ್ತೈದು ಬೇಕು. ಅವನಿಗೆ ಬಂದದ್ದು ಎಪ್ಪತ್ತೆರಡು. ಕೊನೆಯ ಪ್ರಶ್ನೆಗೆ ಹತ್ತಕ್ಕೆ ಸೊನ್ನೆ.

"ಮೇಡಂ, ಹಾಳೇಲಿ ಬಾತು ಅಂತಾನೇ ಇತ್ತಲ್ಲ!"

"ಹಾಳೆ ತಿರುಗಿಸಿದ್ರಾ?"

ಅವನು ತಿರುಗಿಸಿದ. ಹಿಂಬದಿಗೆ ತಿದ್ದುಪಡಿಯ ಫಾರಮ್ಮು ಅಂಟಿಸಿದ್ದರು: ಬಾತಲ್ಲ, ಹೆಬ್ಬಾತು. ಡಾಕ್ಟರ ಸಹಿ, ಮಧ್ಯಾಹ್ನ ಒಂದು ಗಂಟೆ. ಪಕ್ಕದಲ್ಲಿ ರೋಗಿಯ ಸಹಿಗೆ ದಪ್ಪಗೆ ಮಸಿ ಬಳಿದಿದ್ದರು. ಮಸಿಯ ಕೆಳಗಿನಿಂದ ಉದ್ದನೆಯ ಬಾಲವೊಂದು ಇಣುಕುತ್ತಿತ್ತು.

"ಆ ರೋಗಿ ಯಾರೋ ನಂಗೊತ್ತಿಲ್ಲ, ಗೊತ್ತಿದ್ರೂ ಹೇಳೋ ಹಾಗಿಲ್ಲ" ಎಂದರು ಮಿಸೆಸ್ ಪ್ರೂಯಿಟ್. "ಆದ್ರೆ ಅವರಿಗಿದ್ದ ಶ್ರದ್ಧೆಯಲ್ಲಿ ಕಾಲು ಭಾಗ ನಿಮಗಿದ್ದಿದ್ರೆ ಪಾಸಾಗ್ತಿದ್ರಿ."

ಹೊರಗೆ ಬಂದರೆ ರಸ್ತೆಯಾಚೆಯಿಂದ ಟ್ರೂಡಿ ಕೈಬೀಸಿ ಕೂಗಿದಳು. "ಡೆಲ್ಬರ್ಟ್! ಬೈದೆ ಅಂತ ಬೇಜಾರು ಮಾಡ್ಕೋಬೇಡ ಕಣೋ. ಡಾಕ್ಟರನ್ನ ಊಟದಿಂದ ಎಬ್ಬಿಸಿ ಒಂದೇ ಗಂಟೇಲಿ ನಿನ್ ಕೆಲಸ ಮಾಡಿಸಿಕೊಟ್ಟೆ! ನೆರೆಹೊರೆ ಅಂದ್ಮೇಲೆ ಇಷ್ಟಾದ್ರೂ ಬೇಡ್ವಾ? ಅಂದಹಾಗೆ, ಪರೀಕ್ಷೆ ಏನಾಯ್ತು?"

ಡೆಲ್ಬರ್ಟನಿಗೆ ಅವಳ ಕತ್ತು ಹಿಸುಕಬೇಕು ಅನ್ನಿಸಿತು. "ಫೇಲು. ಥ್ಯಾಂಕ್ಸ್" ಎಂದ.

ಅವನ ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು ಗಂಡು ಹೆಬ್ಬಾತು ನಿಂತಿತ್ತು. ಡೆಲ್ಬರ್ಟ್ ಒಂದು ಹೆಜ್ಜೆ ಮುಂದಿಟ್ಟ. ಅದು ಕತ್ತು ಚಾಚಿ ಬುಸ್ಸೆಂದಿತು. ಕತ್ತು ಎಷ್ಟುದ್ದ ಇದೆಯೆಂದು ಅವನು ಈಗ ಸರಿಯಾಗಿ ನೋಡಿಕೊಂಡ. ಆಮೇಲೆ ಕಾರನ್ನು ಅಲ್ಲೇ ಬಿಟ್ಟು, ಕುಂಟುತ್ತ ಮೂರು ಮೈಲಿ ನಡೆದೇ ಮನೆ ಸೇರಿದ. ಮೆಟ್ಟಿಲ ಮೇಲೆ ಹೊಸ ಬಕೆಟ್ಟೊಂದು ಕೂತಿತ್ತು. ಟ್ರೂಡಿಯಿಂದ ಸುದ್ದಿ ಆಗಲೇ ಮುಟ್ಟಿತ್ತು.